ಡಿಸ್ಕ್ ಇಲ್ಲವೋ, ಕಾಣ್ತಿಲ್ಲವೋ?

ಹಳೇ ಲ್ಯಾಪ್‌ಟಾಪಿಗೆ ಹೊಸ ಜೀವ ಕೊಡೋ ಅಗ್ಗದ ದಾರಿ ಎಸ್‌ಎಸ್‌ಡಿ ಅಂತ ಈಗ ಎಲ್ಲರಿಗೂ ಗೊತ್ತು. ನಿಮಿಷಕ್ಕೆ 5400 ಸುತ್ತು ತಿರುಗೋ ಹಾರ್ಡ್ ಡಿಸ್ಕ್ ಸೆಕೆಂಡಿಗೆ ಹೆಚ್ಚೂಕಮ್ಮಿ 100 ಎಂಬಿ ಓದುತ್ತೆ. ಸಾಟಾ ಎಸ್‌ಎಸ್‌ಡಿ 500 ದಾಟುತ್ತೆ. ಒಳ್ಳೆಯ ಎನ್‌ವಿಎಂಇ ಆದ್ರೆ 3000ದ ಮೇಲೇ. ಎಸ್‌ಪಿ ರೋಡಿಗೆ ಹೋಗಿ ತರಬಹುದು, ಇಲ್ಲಾ ಮನೆಗೇ ತರಿಸಿಕೊಳ್ಳಬಹುದು. ಹಿಂಬದಿಯ ಸ್ಕ್ರೂ ಬಿಚ್ಚಿ, ಹಳೇದನ್ನು ತೆಗೆದು, ಹೊಸದನ್ನು ಕೂರಿಸಿ ಮುಚ್ಚೋಕೆ ಅರ್ಧ ಗಂಟೆ ಸಾಕು. ಅದಕ್ಕೆ ಬೇಕಾದಷ್ಟು ವಿಡಿಯೋಗಳೂ ಇವೆ. ಭಾನುವಾರ ಪೂರ್ತಿ ನುಂಗೋದು ಆಮೇಲಿನ ಕೆಲಸ. ಪೆನ್‌ಡ್ರೈವ್ ಚುಚ್ಚಿ, ಲ್ಯಾಪ್‌ಟಾಪ್ ಆನ್ ಮಾಡಿ, ಆಪರೇಟಿಂಗ್ ಸಿಸ್ಟಂ ಹಾಕೋಕೆ ಕೂತ ಮೇಲಿನದ್ದು.

ಎಸ್‌ಎಸ್‌ಡಿಗಳಿಗೆ ರಿವ್ಯೂ ಸಾವಿರ ಇವೆ. ಓದೋ ವೇಗ, ಬರೆಯೋ ವೇಗ, ಎಷ್ಟು ಬಿಸಿಯಾಗುತ್ತೆ, ಎಷ್ಟು ವರ್ಷ ವಾರಂಟಿ ಅಂತ ಪಟ್ಟಿ ಮಾಡಿ ಹೇಳ್ತಾರೆ. ಇನ್‌ಸ್ಟಾಲರ್ ಅನ್ನೋ ಸಾಫ್ಟ್‌ವೇರಿಗೆ ಮಾತ್ರ ವಿಮರ್ಶೆ ಬರೆಯೋರು ಕಡಿಮೆ. ಕಾರಣ ಸರಳ. ನಾಲ್ಕೈದು ವರ್ಷಕ್ಕೊಮ್ಮೆ ನೋಡ್ತೀವಿ, ಕೆಲಸ ಮುಗಿದ ಮೇಲೆ ಮರೀತೀವಿ. ಮದುವೆ ಛತ್ರದ ಗೇಟಿನ ಹಾಗೆ, ಒಳಗೆ ಹೋದ ಮೇಲೆ ಅದರ ನೆನಪು ಯಾರಿಗೂ ಇರಲ್ಲ.

ನನ್ನ ಪ್ರಕಾರ ಇನ್‌ಸ್ಟಾಲರಿಗೆ ವಿಮರ್ಶೆ ಬೇಕು. ಅದರಲ್ಲೂ ಅದರ ವೇಗಕ್ಕೋ ಬಣ್ಣಕ್ಕೋ ಅಲ್ಲ, ಅದರ ಬರವಣಿಗೆಗೆ. ಯಾಕಂದ್ರೆ ಇನ್‌ಸ್ಟಾಲರ್ ಅಂದ್ರೆ ಹತ್ತು ಹನ್ನೆರಡು ಪರದೆಗಳ ಒಂದು ಸಣ್ಣ ಪುಸ್ತಕ. ಅದನ್ನು ಓದುವ ಹೊತ್ತಲ್ಲಿ ಓದುಗನ ಕೈಯಲ್ಲಿ ಬೇರೆ ಏನೂ ಇರಲ್ಲ. ಬೇರೆ ಯಾವ ಸಾಫ್ಟ್‌ವೇರ್ ಎರರ್ ತೋರಿಸಿದರೂ ಇನ್ನೊಂದು ಟ್ಯಾಬ್ ತೆಗೆದು ಹುಡುಕ್ತೀವಿ. ಇಲ್ಲಿ ಟ್ಯಾಬೇ ಇಲ್ಲ. ಡಿಸ್ಕ್ ಖಾಲಿ, ನೆಟ್ ಇಲ್ಲ, ಮನೆಯಲ್ಲಿರೋ ಒಂದೇ ಕಂಪ್ಯೂಟರ್ ಮುಂದೆ ಮೊದ್ದಾಗಿ ಕೂತಿದೆ. ಪರದೆಯ ಮೇಲಿನ ಒಂದು ಸಾಲು, ಕೈಯಲ್ಲೊಂದು ಫೋನು, ಅಷ್ಟೇ. ಇಷ್ಟು ಒಂಟಿಯಾದ ಓದುಗನಿಗೆ ಬರೆಯೋ ಸಾಲು ಎಷ್ಟು ಎಚ್ಚರದಿಂದ ಬರೀಬೇಕು? ಈ ಪ್ರಶ್ನೆ ಇಟ್ಟುಕೊಂಡು ವಿಂಡೋಸ್ ಸೆಟಪ್‌ನ ಕೆಲವು ಪರದೆಗಳನ್ನು ಓದೋಣ. ಪಕ್ಕದಲ್ಲಿ ಉಬುಂಟು, ಡೆಬಿಯನ್ ಕೂಡ ಇರಲಿ.

ಖಾಲಿ ಪಟ್ಟಿ

ಮೊದಲ ಪರದೆ, ಎಲ್ಲರಿಗೂ ಬೆವರಿಳಿಸೋ ಪರದೆ. ವಿಂಡೋಸ್ ಎಲ್ಲಿ ಹಾಕಲಿ ಅಂತ ಕೇಳೋ ಜಾಗದಲ್ಲಿ ಪಟ್ಟಿ ಖಾಲಿ. ಕೆಳಗೊಂದು ಸಾಲು: ನಮಗೆ ಯಾವ ಡ್ರೈವೂ ಸಿಗಲಿಲ್ಲ, ಸ್ಟೋರೇಜ್ ಡ್ರೈವರಿಗಾಗಿ ‘ಲೋಡ್ ಡ್ರೈವರ್’ ಒತ್ತಿ ಅನ್ನೋ ಅರ್ಥದ ಮಾತು. ಇಂಥ ಹೊತ್ತಲ್ಲಿ ಫೋನ್ ಮಾಡೋರೆಲ್ಲ ಹೇಳೋದು ಒಂದೇ. “ಅಣ್ಣಾ, ಡಿಸ್ಕೇ ಇಲ್ಲ ಅಂತಿದೆ. ಡೂಪ್ಲಿಕೇಟ್ ಮಾಲ್ ಕೊಟ್ಬಿಟ್ನಾ ಅಂಗಡಿಯೋನು?”

ಅಂಗಡಿಯವನದು ಬಹುತೇಕ ಏನೂ ತಪ್ಪಿರಲ್ಲ. ಆಗಿರೋದು ಇಷ್ಟು. ಇಂಟೆಲ್‌ನ 11ನೇ ತಲೆಮಾರಿನಿಂದ ಈಚೆಗೆ ಬಂದ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ವಿಎಂಡಿ ಅನ್ನೋದೊಂದು ಫ್ಯಾಕ್ಟರಿಯಿಂದಲೇ ಆನ್ ಆಗಿರುತ್ತೆ. ಅದು ಪ್ರೊಸೆಸರಿಗೂ ಎನ್‌ವಿಎಂಇ ಡಿಸ್ಕಿಗೂ ನಡುವೆ ಕೂರುವ ಮೇಸ್ತ್ರಿ. ಏನೇ ಮಾತಾಡೋದಿದ್ರೂ ಅವನ ಮೂಲಕವೇ ಆಗಬೇಕು. ಅವನ ಭಾಷೆ ಬರೋ ಡ್ರೈವರ್ ಇಲ್ಲದ ಸೆಟಪ್‌ಗೆ ಮೇಸ್ತ್ರಿ ಹಿಂದೆ ನಿಂತಿರೋ ಡಿಸ್ಕ್ ಕಾಣಲ್ಲ. ಡಿಸ್ಕ್ ಗಟ್ಟಿಮುಟ್ಟಾಗೇ ಇದೆ. ಬಯೋಸ್ ತೆರೆದು ನೋಡಿದ್ರೆ ಹೆಸರು, ಸೈಜು ಸಮೇತ ಕಾಣ್ಸುತ್ತೆ.

ಇದೇ ಖಾಲಿ ಪಟ್ಟಿಗೆ ಇನ್ನೂ ಕಾರಣಗಳಿವೆ. ಎಂ.2 ಅನ್ನೋದು ಆಕಾರದ ಹೆಸರು. ಸಾಮಾನ್ಯವಾಗಿ ಸಿಗೋ 2280 ಅಂದ್ರೆ 22 ಮಿ.ಮೀ. ಅಗಲ, 80 ಮಿ.ಮೀ. ಉದ್ದ. ಆ ಒಂದೇ ಆಕಾರದಲ್ಲಿ ಸಾಟಾ ಡಿಸ್ಕೂ ಬರುತ್ತೆ, ಎನ್‌ವಿಎಂಇ ಡಿಸ್ಕೂ ಬರುತ್ತೆ. ಎನ್‌ವಿಎಂಇ ಮಾತ್ರ ಗೊತ್ತಿರೋ ಸ್ಲಾಟಿಗೆ ಸಾಟಾ ಡಿಸ್ಕ್ ಕೂರಿಸಿದ್ರೆ ಕೂರುತ್ತೆ, ಸ್ಕ್ರೂನೂ ಬಿಗಿಯಾಗುತ್ತೆ, ಕೆಲಸ ಮಾತ್ರ ಮಾಡಲ್ಲ. ಆಗ ಬಯೋಸ್‌ನಲ್ಲೂ ಕಾಣಲ್ಲ. ಡಿಸ್ಕ್ ಪೂರ್ತಿ ಒಳಗೆ ಹೋಗದೆ ಓರೆಯಾಗಿ ಕೂತಿದ್ರೂ ಅದೇ ಕತೆ. ನಿಜವಾಗಿಯೂ ಡಿಸ್ಕ್ ಸತ್ತಿದ್ರೂ ಅದೇ.

ಅಂದ್ರೆ ನಾಲ್ಕು ಬೇರೆ ಬೇರೆ ಕಾಯಿಲೆ. ಒಂದಕ್ಕೆ ಬಯೋಸ್‌ನಲ್ಲಿ ಒಂದು ಸ್ವಿಚ್ ಬದಲಾಯಿಸಬೇಕು ಅಥವಾ ಪೆನ್‌ಡ್ರೈವಿಗೆ ಡ್ರೈವರ್ ಹಾಕ್ಕೊಂಡು ಬರಬೇಕು. ಇನ್ನೊಂದಕ್ಕೆ ಅಂಗಡಿಗೆ ಹೋಗಿ ಬೇರೆ ಡಿಸ್ಕ್ ತರಬೇಕು. ಮತ್ತೊಂದಕ್ಕೆ ಸ್ಕ್ರೂಡ್ರೈವರ್ ಸಾಕು. ಕೊನೆಯದಕ್ಕೆ ವಾರಂಟಿ. ನಾಲ್ಕಕ್ಕೂ ಪರದೆ ಹೇಳೋದು ಒಂದೇ ಮಾತು. ಜ್ವರ ಅಂತ ಬಂದ ಎಲ್ಲರಿಗೂ ಒಂದೇ ಮಾತ್ರೆ ಕೊಟ್ಟು ಕಳಿಸೋ ಡಾಕ್ಟರ ಹಾಗೆ.

ಮೂರು ದೀಪ

ಕನ್ನಡದಲ್ಲಿ ‘ಇಲ್ಲ’ ಬೇರೆ, ‘ಕಾಣ್ತಿಲ್ಲ’ ಬೇರೆ, ‘ಸಿಗ್ತಿಲ್ಲ’ ಬೇರೆ, ‘ಬರ್ತಿಲ್ಲ’ ಬೇರೆ. ಮಗು ಕೂಡ ಈ ವ್ಯತ್ಯಾಸ ಮಾಡುತ್ತೆ. ‘ಅಪ್ಪ ಮನೇಲಿಲ್ಲ’ ಅಂದ್ರೆ ಅಪ್ಪನ ವಿಷಯ. ‘ಅಪ್ಪ ಕಾಣ್ತಿಲ್ಲ’ ಅಂದ್ರೆ ಹುಡುಕಿದವನ ವಿಷಯ. ಊರಲ್ಲಿ ಬೋರ್‌ವೆಲ್ ನೀರು ಬರದಿದ್ದಾಗ ಜನ ಮಾತಾಡೋದನ್ನು ಕೇಳಿ. ಮೊದಲ ಪ್ರಶ್ನೆ, “ಮೋಟರ್ ಓಡ್ತಿಲ್ವೋ, ನೀರು ಬರ್ತಿಲ್ವೋ?” ಎರಡೂ ಬೇರೆ ದೂರು. ಸ್ಟಾರ್ಟರ್ ಪೆಟ್ಟಿಗೆ ಮೇಲೆ ಕೆಂಪು, ಹಳದಿ, ನೀಲಿ ಅಂತ ಮೂರು ದೀಪ ಇರುತ್ತೆ, ಒಂದೊಂದು ಫೇಸಿಗೆ ಒಂದೊಂದು. ಹಳದಿ ಉರೀತಿಲ್ಲ ಅಂದ್ರೆ ಒಂದು ಫೇಸ್ ಹೋಗಿದೆ, ಲೈನ್‌ಮನ್‌ಗೆ ಫೋನ್ ಮಾಡಿ. ಮೂರೂ ಉರೀತಿದ್ದು ಮೋಟರ್ ಓಡದಿದ್ರೆ ಸ್ಟಾರ್ಟರ್ರೋ, ಕೇಬಲ್ಲೋ, ಮೋಟರ್ರೋ ನೋಡಿ. ಮೋಟರ್ ಓಡಿ, ಆಂಪ್ಸ್ ಮುಳ್ಳು ಎಂದಿಗಿಂತ ಕೆಳಗೇ ನಿಂತಿದ್ರೆ ಬೋರಲ್ಲೇ ನೀರು ಇಳಿದಿರಬೇಕು. ಮೂರು ಪುಟ್ಟ ದೀಪ, ಒಂದು ಮುಳ್ಳು. ಒಂದಕ್ಷರ ಬರವಣಿಗೆ ಇಲ್ಲ. ಆದ್ರೂ ಸಮಸ್ಯೆ ಯಾವ ಮನೆಯದು ಅಂತ ಹೇಳುತ್ತೆ, ಮುಂದೆ ಯಾರನ್ನ ಕರೀಬೇಕು ಅಂತಲೂ ಹೇಳುತ್ತೆ.

ಸೆಟಪ್ ಪರದೆ ಆ ಪೆಟ್ಟಿಗೆಗಿಂತ ಹಿಂದೆ ಬಿದ್ದಿದೆ ಅನ್ನೋದು ನನ್ನ ಮೊದಲ ದೂರು. ತನಗೆ ಕಾಣದಿರೋದನ್ನು ಅದು ಜಗತ್ತಲ್ಲೇ ಇಲ್ಲದಿರೋ ಹಾಗೆ ಹೇಳುತ್ತೆ. ‘ಡ್ರೈವರ್ ಲೋಡ್ ಮಾಡಿ’ ಅಂತ ಸುಳಿವೇನೋ ಕೊಡುತ್ತೆ, ಒಪ್ಪೋಣ. ಆದರೆ ಯಾವ ಡ್ರೈವರ್? ಎಲ್ಲಿಂದ ತರಬೇಕು? ಯಾವ ಹೆಸರಲ್ಲಿ ಹುಡುಕಬೇಕು? ಡ್ರೈವ್ ಅಂದ್ರೂ ಡ್ರೈವರ್ ಅಂದ್ರೂ ಒಂದೇ ಅಂದುಕೊಂಡಿರೋನಿಗೆ ಆ ಸಾಲು ಅರ್ಧ ಮಂತ್ರ. ಲ್ಯಾಪ್‌ಟಾಪ್ ಕಂಪನಿಗಳ ಸೈಟಿಗೆ ಹೋದ್ರೆ ಡ್ರೈವರ್ ಹಲವು ಸಲ ಇಎಕ್ಸ್‌ಇ ಫೈಲಾಗಿ ಸಿಗುತ್ತೆ. ಅದನ್ನು ಬಿಚ್ಚಿ ಒಳಗಿನ ಐಎನ್‌ಎಫ್ ಫೈಲುಗಳನ್ನು ಪೆನ್‌ಡ್ರೈವಿಗೆ ಹಾಕೋಕೆ ಇನ್ನೊಂದು ವಿಂಡೋಸ್ ಕಂಪ್ಯೂಟರ್ ಬೇಕು. ಅದಿದ್ದಿದ್ರೆ ಹಳೇ ಲ್ಯಾಪ್‌ಟಾಪ್ ರಿಪೇರಿಗೆ ಯಾರು ಕೂರ್ತಿದ್ರು?

ಗೊತ್ತಿದ್ದೂ ಹೇಳದಿರೋದು

ಇಲ್ಲಿ ನಮ್ಮ ಕಸುಬಿನವರು ಒಂದು ವಾದ ಹೂಡ್ತಾರೆ. ಪಾಪ, ಡ್ರೈವರ್ರೇ ಇಲ್ಲದ ಮೇಲೆ ಸೆಟಪ್‌ಗೆ ಹೇಗೆ ಗೊತ್ತಾಗಬೇಕು, ಅಂತ.

ಗೊತ್ತಾಗುತ್ತೆ. ಪಿಸಿಐ ಮೇಲೆ ಕೂತ ಪ್ರತಿ ಸಾಧನವೂ ತನ್ನ ತಯಾರಕನ ಸಂಖ್ಯೆ, ತನ್ನ ಮಾದರಿಯ ಸಂಖ್ಯೆ ಎರಡನ್ನೂ ಹೇಳಿಕೊಳ್ಳುತ್ತೆ. ಅದನ್ನು ಓದೋಕೆ ಆ ಸಾಧನದ ಡ್ರೈವರ್ ಬೇಕಿಲ್ಲ. ಇಂಟೆಲ್‌ನ ಸಂಖ್ಯೆ 8086, ಕಂಪನಿಯ 1978ರ ಪ್ರೊಸೆಸರಿನ ಹೆಸರೇ. ‘ಇಲ್ಲೊಂದು ಇಂಟೆಲ್ ವಿಎಂಡಿ ಇದೆ, ಅದನ್ನು ನಡೆಸೋ ಡ್ರೈವರ್ ನನ್ನ ಹತ್ತಿರ ಇಲ್ಲ’ ಅನ್ನೋಷ್ಟು ಮಾಹಿತಿ ಸೆಟಪ್‌ನ ಕೈಗೆಟುಕೋ ಜಾಗದಲ್ಲೇ ಇದೆ.

ಇದು ಬರೀ ತರ್ಕ ಅಲ್ಲ ಅನ್ನೋಕೆ ಉಬುಂಟು ಸಾಕ್ಷಿ. ಇಂಟೆಲ್‌ನ ಆರ್‌ಎಸ್‌ಟಿ ಅನ್ನೋ ವ್ಯವಸ್ಥೆ ಆನ್ ಆಗಿದ್ದು, ಅದರಿಂದ ಡಿಸ್ಕ್ ಸಿಗದೇ ಹೋದಾಗ ಉಬುಂಟು ಇನ್‌ಸ್ಟಾಲರ್ ಅದಕ್ಕಂತಲೇ ಒಂದು ಪರದೆ ತೋರಿಸುತ್ತೆ. ಈ ಕಂಪ್ಯೂಟರಿನಲ್ಲಿ ಆರ್‌ಎಸ್‌ಟಿ ಬಳಕೆಯಲ್ಲಿದೆ, ಉಬುಂಟು ಹಾಕೋ ಮುಂಚೆ ಅದನ್ನು ಆಫ್ ಮಾಡಬೇಕು, ಹೇಗೆ ಅಂತ ತಿಳಿಯೋಕೆ ಫೋನಿನಲ್ಲೋ ಬೇರೆ ಸಾಧನದಲ್ಲೋ ಈ ಪುಟ ತೆರೆಯಿರಿ ಅನ್ನುತ್ತೆ. ಆ ‘ಬೇರೆ ಸಾಧನದಲ್ಲಿ’ ಅನ್ನೋ ಮಾತು ನೋಡಿ. ಬರೆದವರಿಗೆ ಓದುಗ ಎಲ್ಲಿ ಕೂತಿದ್ದಾನೆ, ಅವನ ಕೈಲಿ ಏನಿದೆ ಅಂತ ಗೊತ್ತಿತ್ತು. ಸಮಸ್ಯೆಯ ಹೆಸರು, ಅದು ಯಾರ ಬಳಿ ಇದೆ, ಮುಂದೇನು ಅಂತ ಮೂರೂ ಒಂದೇ ಪರದೆಯಲ್ಲಿ.

ಉಬುಂಟುವಿನ ಆ ಪರದೆಯೂ ಸಂಪೂರ್ಣ ಅಲ್ಲ. ಅದೇ ಲ್ಯಾಪ್‌ಟಾಪಲ್ಲಿ ವಿಂಡೋಸ್ ಕೂಡ ಇದ್ದು, ಮುಂಜಾಗ್ರತೆ ಇಲ್ಲದೆ ಆರ್‌ಎಸ್‌ಟಿ ಆಫ್ ಮಾಡಿದ್ರೆ ಆ ವಿಂಡೋಸ್ ಬೂಟ್ ಆಗದೆ ನೀಲಿ ಪರದೆ ತೋರಿಸಬಹುದು. ಆ ಎಚ್ಚರಿಕೆ ಕೊಂಡಿಯ ಆಚೆ, ಇನ್ನೊಂದು ಪುಟದಲ್ಲಿದೆ. ಖಾಲಿ ಹೊಸ ಡಿಸ್ಕ್ ಹಾಕಿದವರಿಗೆ ಈ ಭಯ ಇಲ್ಲ, ಎರಡೂ ಇಟ್ಟುಕೊಂಡವರಿಗೆ ಇದೆ. ಅಷ್ಟು ಬಿಟ್ಟರೆ ಅದು ಒಳ್ಳೆಯ ಗದ್ಯ.

ವಿಂಡೋಸ್ ಸೆಟಪ್‌ಗೆ ಯಂತ್ರದ ಒಳಗೆ ಕಣ್ಣಾಡಿಸೋದು ಬರಲ್ಲ ಅನ್ನೋ ಹಾಗೂ ಇಲ್ಲ. ಲೈಸೆನ್ಸ್ ವಿಷಯ ತಗೊಳ್ಳಿ. ‘ಡಿಸ್ಕ್ ಬದಲಾಯಿಸಿದ್ರೆ ವಿಂಡೋಸ್ ಕೀ ಹೋಗುತ್ತಾ?’ ಅನ್ನೋದು ಎಲ್ಲರೂ ಕೇಳೋ ಪ್ರಶ್ನೆ. ಹೋಗಲ್ಲ. ವಿಂಡೋಸ್ 8ರ ಕಾಲದಿಂದ, ವಿಂಡೋಸ್ ಜೊತೆಗೇ ಮಾರಾಟವಾದ ಲ್ಯಾಪ್‌ಟಾಪ್‌ಗಳಲ್ಲಿ ಕೀ ಸಾಮಾನ್ಯವಾಗಿ ಮದರ್‌ಬೋರ್ಡಿನ ಫರ್ಮ್‌ವೇರಿನಲ್ಲೇ ಇರುತ್ತೆ. ಸೆಟಪ್ ಸದ್ದಿಲ್ಲದೆ ಅದನ್ನು ಓದಿ, ಹೋಂ ಆವೃತ್ತಿಯೋ ಪ್ರೋ ಆವೃತ್ತಿಯೋ ಅಂತ ತಾನೇ ತೀರ್ಮಾನಿಸುತ್ತೆ. ಕೀ ಹುಡುಕೋಕೆ ಬರೋ ಕಣ್ಣು ವಿಎಂಡಿ ಹುಡುಕೋಕೆ ಯಾಕೆ ಬರಬಾರದು?

ಇನ್ನೊಂದು ಉದಾಹರಣೆ, ‘ಈ ಪಿಸಿಯಲ್ಲಿ ವಿಂಡೋಸ್ 11 ನಡೆಯೋದಿಲ್ಲ’ ಅನ್ನೋ ಪರದೆ. ಪೆನ್‌ಡ್ರೈವಿನಿಂದ ಬೂಟ್ ಮಾಡಿ ಹಾಕುವಾಗ ಟಿಪಿಎಂ 2.0, ಸೆಕ್ಯೂರ್ ಬೂಟ್, 4 ಜಿಬಿ ಮೆಮೊರಿ ಇತ್ಯಾದಿಗಳನ್ನು ಸೆಟಪ್ ಪರೀಕ್ಷಿಸುತ್ತೆ. ಒಂದರಲ್ಲಿ ಫೇಲಾದ್ರೂ ‘ಕನಿಷ್ಠ ಅಗತ್ಯಗಳನ್ನು ಪೂರೈಸುತ್ತಿಲ್ಲ’ ಅಂತ ಒಂದು ಮಾತು, ಜೊತೆಗೊಂದು ವೆಬ್ ವಿಳಾಸ. ಯಾವುದರಲ್ಲಿ ಫೇಲು ಅಂತ ಹೇಳಲ್ಲ. ಪರೀಕ್ಷೆ ಮಾಡಿದ್ದು ತಾನೇ, ಅಂಕ ಕೊಟ್ಟಿದ್ದೂ ತಾನೇ, ಮಾರ್ಕ್ಸ್ ಕಾರ್ಡ್ ಮಾತ್ರ ಕೊಡಲ್ಲ! ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಟಿಪಿಎಂ ಇದ್ದೇ ಇರುತ್ತೆ. ಬಯೋಸ್‌ನಲ್ಲಿ ಪಿಟಿಟಿ ಅಥವಾ ಎಫ್‌ಟಿಪಿಎಂ ಅನ್ನೋ ಹೆಸರಲ್ಲಿ ಆಫ್ ಆಗಿರುತ್ತೆ. ಒಂದು ಸ್ವಿಚ್ಚಿಗಾಗಿ ಯಂತ್ರವನ್ನೇ ಗುಜರಿಗೆ ಹಾಕೋ ಮಾತು ಬರುತ್ತೆ.

ಸತ್ಯ ಹೇಳಿ ಕೈಬಿಡೋ ಸಾಲು

ಹಾಗಂತ ವಿಂಡೋಸ್ ಸೆಟಪ್‌ನಲ್ಲಿ ಒಳ್ಳೆಯ ಸಾಲುಗಳೇ ಇಲ್ಲ ಅಂತಲ್ಲ. ಹಳೇ ಡಿಸ್ಕನ್ನು ಇನ್ನೊಂದು ಲ್ಯಾಪ್‌ಟಾಪಿಗೆ ಹಾಕಿದಾಗ ಒಂದು ಎರರ್ ಬರುತ್ತೆ: ಈ ಡಿಸ್ಕಿನಲ್ಲಿ ಎಂಬಿಆರ್ ಪಾರ್ಟಿಷನ್ ಟೇಬಲ್ ಇದೆ, ಇಎಫ್‌ಐ ಯಂತ್ರಗಳಲ್ಲಿ ವಿಂಡೋಸನ್ನು ಜಿಪಿಟಿ ಡಿಸ್ಕಿಗೆ ಮಾತ್ರ ಹಾಕಬಹುದು, ಅಂತ. ಇದು ಪೂರ್ತಿ ಸತ್ಯ. ಡಿಸ್ಕಿನಲ್ಲಿ ಏನಿದೆ, ಏನಿರಬೇಕಿತ್ತು ಅಂತ ಎರಡನ್ನೂ ಹೇಳುತ್ತೆ. ಆದರೆ ಅಲ್ಲಿಗೆ ನಿಂತುಬಿಡುತ್ತೆ. ಎಂಬಿಆರ್‌ನಿಂದ ಜಿಪಿಟಿಗೆ ಹೋಗೋದು ಹೇಗೆ ಅಂತ ಪರದೆಯಲ್ಲಿ ಎಲ್ಲೂ ಇಲ್ಲ.

ದಾರಿ ಸುಲಭ ಇದೆ. ಡಿಸ್ಕಿನಲ್ಲಿ ಬೇಕಾದದ್ದು ಏನೂ ಇಲ್ಲ ಅಂತ ಖಾತ್ರಿ ಇದ್ರೆ ಅದೇ ಪರದೆಯಲ್ಲಿ ಎಲ್ಲಾ ಪಾರ್ಟಿಷನ್ ಅಳಿಸಿ, ಉಳಿದ ಖಾಲಿ ಜಾಗ ಆರಿಸಿ ಮುಂದೆ ಹೋದ್ರೆ ಸೆಟಪ್ ತಾನೇ ಜಿಪಿಟಿ ಮಾಡಿಕೊಳ್ಳುತ್ತೆ. ಇದನ್ನು ಹೇಳೋಕೆ ಎರಡು ಸಾಲು ಸಾಕಿತ್ತು. ಹೇಳದೇ ಇರೋದ್ರಿಂದ ಜನ ಫೋನಲ್ಲಿ ಹುಡುಕ್ತಾರೆ. ಮೊದಲು ಸಿಗೋ ಉತ್ತರ, ಶಿಫ್ಟ್ ಎಫ್10 ಒತ್ತಿ ಕಪ್ಪು ಪರದೆ ತೆರೆದು ಡಿಸ್ಕ್‌ಪಾರ್ಟ್ ಅನ್ನೋ ಆಜ್ಞೆ ಕೊಡಿ, ಡಿಸ್ಕ್ ಆರಿಸಿ, ‘ಕ್ಲೀನ್’ ಅಂತ ಟೈಪ್ ಮಾಡಿ.

ಭಯ ಹುಟ್ಟಬೇಕಾದ ಜಾಗ ಇದು. ಸಣ್ಣ ಫೈಲನ್ನು ಶಾಶ್ವತವಾಗಿ ಅಳಿಸುವಾಗಲೂ ‘ಖಚಿತವೇ?’ ಅಂತ ಕೇಳೋ ವಿಂಡೋಸು, ಡಿಸ್ಕ್‌ಪಾರ್ಟ್‌ನ ಕ್ಲೀನ್ ಆಜ್ಞೆಗೆ ಒಂದು ಪ್ರಶ್ನೆಯನ್ನೂ ಕೇಳಲ್ಲ. ಎಂಟರ್ ಒತ್ತಿದ ಕೂಡಲೇ ಪಾರ್ಟಿಷನ್ ಪಟ್ಟಿ ಹೋಯ್ತು. ಈಗ ಹಳೇ 1 ಟಿಬಿ ಹಾರ್ಡ್ ಡಿಸ್ಕನ್ನು ಅಲ್ಲೇ ಬಿಟ್ಟು, ಪಕ್ಕದ ಸ್ಲಾಟಿಗೆ 1 ಟಿಬಿ ಎಸ್‌ಎಸ್‌ಡಿ ಹಾಕಿರೋ ಲ್ಯಾಪ್‌ಟಾಪ್ ಊಹಿಸಿಕೊಳ್ಳಿ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. ಹಾಗಾಗಿ ಎರಡೂ 931 ಜಿಬಿ ಅಂತಲೇ ಕಾಣ್ತವೆ. ಸೆಟಪ್‌ನ ಹಳೆಯ ಪಟ್ಟಿಯಲ್ಲಿ ಅವುಗಳ ಹೆಸರು ‘ಡ್ರೈವ್ 0’, ‘ಡ್ರೈವ್ 1’. ಯಾವ ಕಂಪನಿಯದು, ಯಾವ ಮಾಡೆಲ್ಲು ಅಂತ ಇಲ್ಲ. ಒಂದರಲ್ಲಿ ಏನೂ ಇಲ್ಲ, ಇನ್ನೊಂದರಲ್ಲಿ ಹತ್ತು ವರ್ಷದ ಫೋಟೋ, ತಂಗಿಯ ಮದುವೆ ವಿಡಿಯೋ. ಸೊನ್ನೆಯೋ ಒಂದೋ?

ಡಿಸ್ಕ್‌ಪಾರ್ಟಿನಲ್ಲೇ ‘ಡೀಟೇಲ್ ಡಿಸ್ಕ್’ ಅಂತ ಕೊಟ್ಟರೆ ಮಾಡೆಲ್ ಹೆಸರು ಬರುತ್ತೆ. ಅಂದ್ರೆ ಮಾಹಿತಿ ಇದೆ, ಬೇಕಾದ ಪರದೆಯಲ್ಲಿ ಇಲ್ಲ. ಉಬುಂಟು, ಡೆಬಿಯನ್ ಇನ್‌ಸ್ಟಾಲರ್‌ಗಳು ಡಿಸ್ಕಿನ ಪಕ್ಕದಲ್ಲಿ ಮಾಡೆಲ್ ಹೆಸರು ಬರೆದೇ ಕೇಳ್ತವೆ. ಇದೊಂದು ಸಣ್ಣ ಸೌಜನ್ಯ. ಆದರೆ ಒಬ್ಬರ ಹತ್ತು ವರ್ಷದ ನೆನಪು ಉಳಿಯೋದೂ ಅಳಿಯೋದೂ ಆ ಸೌಜನ್ಯದ ಮೇಲೆ ನಿಂತಿರುತ್ತೆ. ಎರಡು ಡಿಸ್ಕ್ ಇರೋ ಯಂತ್ರದಲ್ಲಿ ನನ್ನ ಸಲಹೆ ಕಮಾಂಡ್ ಅಲ್ಲ, ಸ್ಕ್ರೂಡ್ರೈವರ್. ಇನ್‌ಸ್ಟಾಲ್ ಮುಗಿಯೋವರೆಗೆ ಹಳೇ ಡಿಸ್ಕನ್ನು ಬಿಚ್ಚಿ ಬೀರುವಲ್ಲಿಡಿ.

ಬೇರೆಯವರ ಮೇಲೆ ಹೇಳೋ ಸಾಲು

ಹಲವರಿಗೆ ಇನ್ನೊಂದು ಪರದೆ ನೆನಪಿರಬಹುದು. ನಿಮ್ಮ ಕಂಪ್ಯೂಟರಿಗೆ ಬೇಕಾದ ಮೀಡಿಯಾ ಡ್ರೈವರ್ ಇಲ್ಲ, ಅದು ಡಿವಿಡಿಯದೋ ಯುಎಸ್‌ಬಿಯದೋ ಹಾರ್ಡ್ ಡಿಸ್ಕಿನದೋ ಇರಬಹುದು, ಅಂತ. ಓದಿದವರು ಡ್ರೈವರ್ ಹುಡುಕೋಕೆ ಹೋಗ್ತಿದ್ರು. ಎಷ್ಟೋ ಸಲ ಕಾರಣ ಪೆನ್‌ಡ್ರೈವಿನಲ್ಲೇ ಇರ್ತಿತ್ತು. ಒಂದೋ ಐಎಸ್ಓ ಫೈಲ್ ಅರ್ಧಂಬರ್ಧ ಡೌನ್‌ಲೋಡ್ ಆಗಿರೋದು, ಇಲ್ಲಾ ಪೆನ್‌ಡ್ರೈವನ್ನು ಯುಎಸ್‌ಬಿ 3 ಪೋರ್ಟಿಗೆ ಚುಚ್ಚಿರೋದು. ವಿಂಡೋಸ್ 7ರ ಸೆಟಪ್‌ನಲ್ಲಿ ಯುಎಸ್‌ಬಿ 3ರ ಡ್ರೈವರ್ ಇರಲಿಲ್ಲ. ತನ್ನನ್ನು ಹೊತ್ತು ತಂದ ಗಾಡಿಯನ್ನೇ ಗುರುತಿಸಲಾರದ ಸೆಟಪ್ಪು ದೋಷವನ್ನು ‘ನಿಮ್ಮ ಕಂಪ್ಯೂಟರ್’ ಮೇಲೆ ಹಾಕ್ತಿತ್ತು. ಆ ‘ನಿಮ್ಮ’ ಅನ್ನೋ ಪದ ಗಮನಿಸಿ. ಕೆಲಸ ಸರಿಯಾದಾಗ ‘ನಾವು’, ಕೆಟ್ಟಾಗ ‘ನಿಮ್ಮದು’. ಆಫೀಸಲ್ಲಿ ಅಪ್ರೈಸಲ್ ಟೈಮಲ್ಲಿ ಇಂಥ ವ್ಯಾಕರಣ ಕೇಳಿದ್ದೀವಲ್ಲ.

ಕೊನೆಯ ಪರದೆಯದು ಬೇರೆ ಜಾತಿಯ ದೋಷ. ಎಲ್ಲಾ ಮುಗಿದು, ವಿಂಡೋಸ್ 11 ಮೊದಲ ಸಲ ತೆರೆದಾಗ ನೆಟ್‌ವರ್ಕಿಗೆ ಸೇರಿಸೋಣ ಅನ್ನುತ್ತೆ. ಹೋಂ ಆವೃತ್ತಿಯಲ್ಲಿ ‘ಆಮೇಲೆ ನೋಡೋಣ’ ಅನ್ನೋ ಬಟನ್ ಇಲ್ಲ. ಆದರೆ ಲ್ಯಾಪ್‌ಟಾಪಿನ ವೈಫೈ ಚಿಪ್ಪಿಗೆ ಬೇಕಾದ ಡ್ರೈವರ್ ಇನ್ನೂ ಬಂದಿಲ್ಲ. ಡ್ರೈವರ್ ಬರಬೇಕಂದ್ರೆ ನೆಟ್ ಬೇಕು, ನೆಟ್ ಬರಬೇಕಂದ್ರೆ ಡ್ರೈವರ್ ಬೇಕು. ಹುಚ್ಚು ಬಿಡೋವರೆಗೆ ಮದುವೆ ಆಗಲ್ಲ, ಮದುವೆ ಆಗೋವರೆಗೆ ಹುಚ್ಚು ಬಿಡಲ್ಲ. ಆಂಡ್ರಾಯ್ಡ್ ಫೋನನ್ನು ಕೇಬಲ್‌ನಲ್ಲಿ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದ್ರೆ ಸಾಮಾನ್ಯವಾಗಿ ಕೆಲಸ ಆಗುತ್ತೆ. ಅದಕ್ಕೆ ಬೇಕಾದ ಡ್ರೈವರ್ ವಿಂಡೋಸ್ ಒಳಗೇ ಇದೆ. ಪರದೆ ಇದನ್ನೂ ಹೇಳಲ್ಲ.

ಇಲ್ಲಿ ಮೌನಕ್ಕೆ ಕಾರಣ ಅಜ್ಞಾನ ಅಲ್ಲ, ಉದ್ದೇಶ. ನೀವು ಮೈಕ್ರೋಸಾಫ್ಟ್ ಅಕೌಂಟಿನಿಂದಲೇ ಒಳಗೆ ಬರಬೇಕು ಅನ್ನೋದು ಉದ್ದೇಶ. ಅದರಿಂದ ಒಂದು ನಿಜವಾದ ಉಪಯೋಗವೂ ಇದೆ ಅನ್ನೋದನ್ನು ನ್ಯಾಯವಾಗಿ ಹೇಳಬೇಕು. 24ಎಚ್2 ಆವೃತ್ತಿಯಿಂದ ಹೊಸದಾಗಿ ಹಾಕಿದ ಬಹಳಷ್ಟು ಯಂತ್ರಗಳಲ್ಲಿ ಡಿಸ್ಕ್ ತಾನಾಗೇ ಎನ್‌ಕ್ರಿಪ್ಟ್ ಆಗುತ್ತೆ, ಅದರ 48 ಅಂಕಿಯ ರಿಕವರಿ ಕೀ ಆ ಅಕೌಂಟಲ್ಲಿ ಉಳಿಯುತ್ತೆ. ನಾಳೆ ಬಯೋಸ್‌ನಲ್ಲಿ ಏನೋ ಬದಲಾಯಿಸಿದಾಗ ಆ ಕೀ ಕೇಳಬಹುದು. ಆಗ ಅಕೌಂಟೇ ಗತಿ. ಹಾಗಿದ್ರೆ ಇದನ್ನೇ ಹೇಳಬಹುದಿತ್ತಲ್ಲ? ‘ನಿಮ್ಮ ಡಿಸ್ಕಿಗೆ ಬೀಗ ಹಾಕ್ತಿದ್ದೀವಿ, ಕೀಲಿಕೈ ಇಲ್ಲಿಡ್ತೀವಿ’ ಅಂತ. ಬೀಗ ಹಾಕಿದ್ದು ಗೊತ್ತಿಲ್ಲದೆ ಮನೆ ಸೇರಿದವನಿಗೆ ಒಂದು ದಿನ ಬಾಗಿಲ ಮುಂದೆ ನಿಂತಾಗಲೇ ಕೀಲಿಯ ವಿಷಯ ತಿಳಿಯೋದು.

ಕನ್ನಡಕ್ಕೆ ಬಂದರೆ ಸರಿಹೋಗುತ್ತಾ?

ವಿಂಡೋಸ್ ಸೆಟಪ್‌ನ ಮೊದಲ ಪರದೆಯಲ್ಲಿ ಕನ್ನಡ ಇದೆ. ದಿನಾಂಕ, ಹಣದ ರೂಪಕ್ಕೆ ಕನ್ನಡ ಆರಿಸಬಹುದು, ಕೀಬೋರ್ಡಿಗೂ ಆರಿಸಬಹುದು. ಸೆಟಪ್ ಮಾತ್ರ ಕನ್ನಡದಲ್ಲಿ ಮಾತಾಡಲ್ಲ. ವಿಂಡೋಸಿಗೆ ಕನ್ನಡ ಬರೋದು ಇನ್‌ಸ್ಟಾಲ್ ಆದ ಮೇಲೆ, ಲ್ಯಾಂಗ್ವೇಜ್ ಪ್ಯಾಕಾಗಿ. ಡೆಬಿಯನ್‌ನ ಗ್ರಾಫಿಕಲ್ ಇನ್‌ಸ್ಟಾಲರಿನಲ್ಲಿ ಕನ್ನಡ ಮೊದಲ ಪಟ್ಟಿಯಲ್ಲೇ ಇದೆ. ಸ್ವಯಂಸೇವಕರು ಕೂತು ಮಾಡಿರೋ ಕೆಲಸ. ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಬೆಳೆದ ನಿಮಗೆ ಇದರ ಬೆಲೆ ಗೊತ್ತಾಗದೇ ಇರಬಹುದು. ಜಿಲ್ಲಾ ಕೇಂದ್ರದ ಸರ್ಕಾರಿ ಕಾಲೇಜಿಗೆ ಹೋಗೋ ಹುಡುಗಿ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪಿಗೆ ಎಸ್‌ಎಸ್‌ಡಿ ಹಾಕ್ಕೊಂಡು ಕೂತಾಗ ಗೊತ್ತಾಗುತ್ತೆ.

ಆದರೆ ಅನುವಾದ ಒಂದರಿಂದಲೇ ಕೆಲಸ ಆಗಲ್ಲ ಅಂತಲೂ ಹೇಳಬೇಕು. ಸಾಫ್ಟ್‌ವೇರ್ ಕನ್ನಡದಲ್ಲಿ ‘ಯಾವುದೇ ಡ್ರೈವ್‌ಗಳು ಕಂಡುಬಂದಿಲ್ಲ’ ಅನ್ನೋ ತರದ ವಾಕ್ಯಗಳು ಬೇಕಾದಷ್ಟು. ‘ಕಂಡುಬಂದಿಲ್ಲ’! ಯಾರಿಗೆ? ನೋಡಿದೋರು ಯಾರು? ಇಂಗ್ಲಿಷಿನಲ್ಲಿ ಕನಿಷ್ಠ ‘ನಮಗೆ’ ಅಂತಾದ್ರೂ ಇತ್ತು. ‘ಕಾಣ್ತಿಲ್ಲ’, ‘ಇಲ್ಲ’ ಅಂತ ಸಲೀಸಾಗಿ ಬೇರೆ ಮಾಡೋ ಭಾಷೆಯನ್ನು ತಂದು, ಎರಡನ್ನೂ ಮಸುಕು ಮಾಡೋ ಪದದಲ್ಲಿ ಕೂರಿಸಿದ್ದೀವಿ. ಮೂಲ ವಾಕ್ಯಕ್ಕೆ ವಿಷಯ ಗೊತ್ತಿಲ್ಲದಿದ್ರೆ ಅನುವಾದಕ್ಕೆ ಎಲ್ಲಿಂದ ಗೊತ್ತಾಗಬೇಕು?

ಯಾಕೆ ಈಗ

ಸಾಮಾನ್ಯ ಜನ ಓಎಸ್ ಹಾಕಲ್ಲ, ಹಾಕಿರೋದನ್ನೇ ಕೊಳ್ತಾರೆ, ಇಷ್ಟೆಲ್ಲಾ ಯಾಕೆ ಅನ್ನೋ ಮಾತಿದೆ. ಹಿಂದೆ ಅದು ಒಂದು ಮಟ್ಟಿಗೆ ನಿಜ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದ ಮೇಲೆ ಲೆಕ್ಕ ಬದಲಾಗಿದೆ. ಕೆಲಸಕ್ಕೆ ಬರೋ ಎಷ್ಟೋ ಲ್ಯಾಪ್‌ಟಾಪ್‌ಗಳು ಕವಲುದಾರಿಯಲ್ಲಿ ನಿಂತಿವೆ. ಕೆಲವಕ್ಕೆ ವಿಂಡೋಸ್ 11, ಕೆಲವಕ್ಕೆ ಲಿನಕ್ಸ್, ಉಳಿದವು ಗುಜರಿಗೆ. ಯಾವುದು ಎತ್ತ ಹೋಗುತ್ತೆ ಅನ್ನೋದನ್ನು ಮನೆಯವರೇ ಒಂದು ಭಾನುವಾರ ತೀರ್ಮಾನ ಮಾಡ್ತಾರೆ, ಇನ್‌ಸ್ಟಾಲರಿನ ಪರದೆ ಮುಂದೆ ಕೂತು.

2022ರಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ರೈಟ್ ಟು ರಿಪೇರ್ ಪೋರ್ಟಲ್ ಶುರು ಮಾಡಿತು. ರಿಪೇರಿ ಹಕ್ಕು ಅಂದ ಕೂಡಲೇ ನಾವು ಬಿಡಿಭಾಗ, ಸ್ಕ್ರೂ, ಮ್ಯಾನ್ಯುಯಲ್ ಬಗ್ಗೆ ಯೋಚಿಸ್ತೀವಿ. ಅವೆಲ್ಲ ಬೇಕು. ಆದರೆ ಡಿಸ್ಕ್ ಬದಲಾಯಿಸೋದು ಸ್ಕ್ರೂ ಬಿಗಿದ ಕೂಡಲೇ ಮುಗಿಯೋ ರಿಪೇರಿ ಅಲ್ಲ. ಆ ಯಂತ್ರ ಮತ್ತೆ ಬೂಟ್ ಆದಾಗ ಮುಗಿಯೋದು. ನಡುವೆ ಇರೋದೆಲ್ಲ ವಾಕ್ಯಗಳು. ಆ ವಾಕ್ಯ ಅರ್ಥವಾಗದೆ ಸರ್ವಿಸ್ ಅಂಗಡಿಗೆ ಹೋದ್ರೆ ಒಂದು ಸ್ವಿಚ್ ಬದಲಾಯಿಸೋಕೆ ದುಡ್ಡು ಕೊಡ್ತೀವಿ, ಜೊತೆಗೆ ಡಿಸ್ಕನ್ನೂ ಬಿಟ್ಟು ಬರ್ತೀವಿ.

ಇದನ್ನು ಓದ್ತಿರೋ ನಿಮ್ಮಲ್ಲಿ ಅರ್ಧ ಜನ ಇಂಥ ಸಾಲುಗಳನ್ನು ಬರೆಯೋ ಕೆಲಸದಲ್ಲೇ ಇದ್ದೀರಿ. ನಮ್ಮ ಕಸುಬಿನಲ್ಲಿ ಎರರ್ ಮೆಸೇಜ್ ಅನ್ನೋದು ರಿಲೀಸ್ ಹಿಂದಿನ ದಿನ ಬರೆಯೋ ಸಾಲು. ಡಿಸೈನ್ ರಿವ್ಯೂಗೆ ಬರಲ್ಲ, ಡೆಮೋದಲ್ಲಿ ತೋರಿಸಲ್ಲ. ಒಂದು ಸಣ್ಣ ಪರೀಕ್ಷೆ ಸಾಕು: ನೋಡಿದ್ದು ಯಾರು, ಕಂಡಿದ್ದು ಏನು, ಮುಂದೇನು ಮಾಡಬೇಕು. ಮೊದಲ ಪರದೆಯ ಸಾಲನ್ನೇ ಆ ಪ್ರಕಾರ ಬರೆದು ನೋಡೋಣ. “ಈ ಲ್ಯಾಪ್‌ಟಾಪಿನಲ್ಲಿ ಇಂಟೆಲ್ ವಿಎಂಡಿ ಆನ್ ಇದೆ. ಅದರ ಡ್ರೈವರ್ ಈ ಸೆಟಪ್‌ನಲ್ಲಿ ಇಲ್ಲ, ಹಾಗಾಗಿ ಅದರ ಹಿಂದಿರೋ ಡಿಸ್ಕ್ ನಮಗೆ ಕಾಣ್ತಿಲ್ಲ. ನಿಮ್ಮ ಡಿಸ್ಕ್ ಸರಿಯಾಗಿಯೇ ಇರಬಹುದು. ಮೊದಲು ಬಯೋಸ್‌ನಲ್ಲಿ ಅದರ ಹೆಸರು ಇದೆಯಾ ನೋಡಿ. ಡ್ರೈವರ್ ಎಲ್ಲಿ ಸಿಗುತ್ತೆ ಅಂತ ಫೋನಿನಲ್ಲಿ ಈ ವಿಳಾಸ ತೆರೆದು ನೋಡಿ.” ಐದು ವಾಕ್ಯ. ಪರದೆಯಲ್ಲಿ ಜಾಗ ಧಾರಾಳವಾಗಿದೆ, ಪಟ್ಟಿ ಹೇಗೂ ಖಾಲಿ.

ಅಂಥ ಪರದೆ ಬರೋವರೆಗೆ ಆ ಕೆಲಸ ನಮ್ಮನಿಮ್ಮಂಥವರ ಫೋನಿಗೆ ಬೀಳುತ್ತೆ. ಊರಿಂದ ತಮ್ಮನೋ, ಆಫೀಸಿನ ಗೆಳತಿಯೋ ಫೋನ್ ಮಾಡಿ ಡಿಸ್ಕೇ ಇಲ್ಲ ಅಂತಿದೆ ಅಂದ್ರೆ, ಅಂಗಡಿಗೆ ವಾಪಸ್ ಕೊಡು ಅನ್ನೋ ಮುಂಚೆ ಒಂದು ಪ್ರಶ್ನೆ ಕೇಳಿ: “ಬಯೋಸ್‌ನಲ್ಲಿ ಕಾಣ್ತಿದೆಯಾ?” ಹೌದು ಅಂದ್ರೆ ಡಿಸ್ಕ್ ಇದೆ, ಸೆಟಪ್‌ಗೆ ಕಾಣ್ತಿಲ್ಲ ಅಷ್ಟೇ.